ವಿಮಾನದಲ್ಲಿದ್ದವನು ಹೊಲದಲ್ಲಿ ಕಂಡ ಪ್ರಕರಣ

ಜನವರಿ ಒಂಬತ್ತರ ಬೆಳಿಗ್ಗೆ ಏಳೂವರೆಗೆ ಠಾಣೆಯ ಮುಂದೆ ಟ್ರ್ಯಾಕ್ಟರೊಂದು ಬಂದು ನಿಂತಿತು. ಟ್ರಾಲಿಯ ತುಂಬ ನಿಂಬರ್ಗಾದ ಮಂದಿ, ಅವರ ನಡುವೆ ಟವೆಲ್ಲಿನಿಂದ ಕೈ ಕಟ್ಟಿ ಕೂರಿಸಿದ್ದ ಒಬ್ಬ ಆಳು. ಪಿಎಸ್‌ಐ ಭುವನೇಶ್ವರಿ ಆಗಷ್ಟೇ ಬಂದು ಕುಳಿತಿದ್ದರು, ಚಹಾ ಇನ್ನೂ ಬಂದಿರಲಿಲ್ಲ. ಚಹಾಕ್ಕಿಂತ ಮೊದಲು ಬಂದ ಯಾವ ಕೇಸೂ ನೆಟ್ಟಗೆ ಮುಗಿದದ್ದಿಲ್ಲ ಎಂಬುದು ಅವರ ಹನ್ನೊಂದು ವರ್ಷದ ನೌಕರಿಯ ಅನುಭವ.

“ಇವನ ಕೈ ಕಟ್ಟಿದವರು ಯಾರು?”

“ನಾವೇ ಕಟ್ಟೇವ್ರಿ ಮೇಡಂ. ಓಡಿ ಹೋಗ್ತಾನಂತ,” ಎಂದ ಮುಂದೆ ನಿಂತಿದ್ದ ಸೈದಪ್ಪ.

“ರಾತ್ರಿಯೆಲ್ಲ ಓಡದವ ಠಾಣಾಕ್ಕ ಬಂದ ಮ್ಯಾಲ ಓಡ್ತಾನೇನು? ಬಿಚ್ರಿ ಮೊದಲ.”

ಸೈದಪ್ಪನ ದೂರು ಸರಳವಾಗಿತ್ತು. ಹಿಂದಿನ ದಿನ ಸಂಜೆ ಆರೂವರೆಯ ಸುಮಾರಿಗೆ ಅವನ ಹೊಲದಲ್ಲಿದ್ದ ತೊಗರಿ ಬಣವೆ ಪೂರ್ತಿ ಸುಟ್ಟುಹೋಗಿತ್ತು. ಎರಡು ದಿನ ಬಿಟ್ಟು ಕಾಳು ಬಿಡಿಸಿ ರಾಶಿ ಮಾಡುವ ಮಶೀನು ಬರುವುದಿತ್ತು. ಹೊಲದಲ್ಲಿ ಇದ್ದವನು ಒಬ್ಬನೇ, ಅವನ ಆಳು ಗುರಣ್ಣ. ಹೆಂಡತಿಯ ತವರು ಇಜೇರಿಯಲ್ಲಿ ಕೂಸಿನ ತೊಟ್ಟಿಲ ಕಾರ್ಯಕ್ಕೆ ಹೋಗಬೇಕೆಂದು ಗುರಣ್ಣ ಅದರ ಹಿಂದಿನ ದಿನ ಕೇಳಿದ್ದ. ರಾಶಿ ಮುಗಿಯುವ ತನಕ ಎಲ್ಲಿಗೂ ಹೋಗುವಂತಿಲ್ಲ ಎಂದು ಸೈದಪ್ಪ ಹೇಳಿದ್ದ. ಮಾತಿಗೆ ಮಾತು ಬೆಳೆದಿತ್ತು. ಆ ಸಿಟ್ಟಿಗೆ ಬೆಂಕಿ ಹಚ್ಚಿದ್ದಾನೆ ಎಂಬುದು ಸೈದಪ್ಪನ ಮಾತು, ಅದು ಇಡೀ ಟ್ರಾಲಿಯ ಮಾತೂ ಆಗಿತ್ತು.

ಹೆಡ್ ಕಾನ್‌ಸ್ಟೆಬಲ್ ದೊಡ್ಡಪ್ಪ ದೂರು ಬರೆದುಕೊಂಡ. ಎಫ್‌ಐಆರ್ ದಾಖಲಾಯಿತು. ಬೆಳೆಗೆ ಬೆಂಕಿ ಇಡುವುದು ಏಳು ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ. ಭುವನೇಶ್ವರಿ ಗುರಣ್ಣನನ್ನು ಒಳಗೆ ಕರೆದರು.

“ನೀ ಹಚ್ಚೀಯೇನು?”

“ಇಲ್ರಿ.”

“ಮತ್ತ ಯಾರು?”

“ಹಚ್ಚಿದ್ದು ನೋಡಿಲ್ರಿ. ಹೊತ್ತು ಮುಳುಗಿತ್ತು, ನಾ ಬಾವಿ ಕಡಿಂದ ಬರಾಕತ್ತಿದ್ದೆ. ಬಣವಿ ಹಿಂದ ಶಂಕರಲಿಂಗ ಸಾವ್ಕಾರ್ರು ಕುಂತಿದ್ರು. ಯಾರ್ರಿ ಅಂದೆ. ಎದ್ದು ಬದುವಿನ ಗುಂಟ ಹೋಗಿಬಿಟ್ರು. ಆಮ್ಯಾಲ ಹೊಗಿ ಬಂತು.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಂದಿ ಒಂದೇ ಸಲ ನಕ್ಕುಬಿಟ್ಟರು. ಸೈದಪ್ಪನಂತೂ ಬಣವೆ ಸುಟ್ಟ ದುಃಖವನ್ನೂ ಮರೆತು ನಕ್ಕ. ಶಂಕರಲಿಂಗ ಅವನ ಬಾಜು ಹೊಲದವನು. ಬೀಜದ ಕಂಪನಿಯೊಂದು ತಾಲೂಕಿಗೆ ಒಬ್ಬ ರೈತನನ್ನು ಆರಿಸಿ ಬೆಂಗಳೂರಿನ ಸಭೆಗೆ ವಿಮಾನದಲ್ಲಿ ಕರೆಸಿಕೊಂಡಿತ್ತು, ಆಳಂದ ತಾಲೂಕಿನಿಂದ ಹೋದವನು ಅವನೇ. ನಿನ್ನೆ ಬೆಳಿಗ್ಗೆ ಎರಡು ಕ್ರೂಸರ್ ಗಾಡಿ ಮಾಡಿಕೊಂಡು, ಮಾಲೆ ಹಾಕಿ, ಬುತ್ತಿ ಕಟ್ಟಿಕೊಂಡು ಇಡೀ ಓಣಿಯೇ ಕಲಬುರಗಿ ವಿಮಾನ ನಿಲ್ದಾಣದ ತನಕ ಹೋಗಿ ಅವನನ್ನು ಕಳಿಸಿ ಬಂದಿತ್ತು.

“ಆಕಾಶದಾಗಿದ್ದವ ನಿನಗ ಹೊಲದಾಗ ಹೆಂಗ ಕಂಡ ಲೇ?” ಎಂದ ಸೈದಪ್ಪ.

“ಅವರು ವಿಮಾನಕ್ಕ ಹೋಗ್ಯಾರಂತ ನಿನಗ ಗೊತ್ತಿತ್ತೇನು?” ಎಂದು ಭುವನೇಶ್ವರಿ ಗುರಣ್ಣನನ್ನು ಕೇಳಿದರು.

“ಗೊತ್ತಿತ್ರಿ. ಅದಕ್ಕ ನನಗೂ ಚೋದ್ಯ ಆತ್ರಿ.”

ಅವನು ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡರು. ಹತ್ತು ಗಂಟೆಗೆ ಇಬ್ಬರು ಪಂಚರ ಮುಂದೆ ಸ್ಥಳ ಪಂಚನಾಮೆ ಆಯಿತು. ಬೂದಿ, ಅರ್ಧ ಸುಟ್ಟ ತೊಗರಿ ಕಟ್ಟಿಗೆ, ಬೆಂಕಿ ಆರಿಸಲು ಬಂದವರ ನೂರಾರು ಹೆಜ್ಜೆ. ಯಾರ ಹೆಜ್ಜೆ ಯಾವುದೆಂದು ಹೇಳುವುದು ಯಾರಿಂದಲೂ ಆಗುವ ಕೆಲಸವಾಗಿರಲಿಲ್ಲ. ಸಂಜೆ ಗುರಣ್ಣನನ್ನು ಬಂಧಿಸಿ ನ್ಯಾಯಾಧೀಶರ ಮುಂದೆ ಹಾಜರುಪಡಿಸಿದರು. ನ್ಯಾಯಾಂಗ ಬಂಧನವಾಯಿತು. ಜೀಪಿನಲ್ಲಿ ಮರಳುವಾಗ ಭುವನೇಶ್ವರಿಗೆ ತಲೆ ಕೆಟ್ಟು ಹೋಗಿತ್ತು. ತಪ್ಪಿಸಿಕೊಳ್ಳಲು ಸುಳ್ಳು ಹೇಳುವವನು ನಂಬುವಂಥ ಸುಳ್ಳನ್ನಾದರೂ ಹೇಳುತ್ತಾನೆ. ಊರಲ್ಲಿ ಅಷ್ಟು ಮಂದಿ ಇರುವಾಗ, ಊರೇ ನಿಂತು ವಿಮಾನ ಹತ್ತಿಸಿ ಬಂದವನ ಹೆಸರನ್ನು ಇವನು ಹೇಳುವುದೆಂದರೆ?

ಮರುದಿನ ಶಂಕರಲಿಂಗ ತಾನಾಗಿಯೇ ಠಾಣೆಗೆ ಬಂದ. ನಲವತ್ತರ ಗಂಡಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಬೋರ್ಡಿಂಗ್ ಪಾಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದ. ಅದರಲ್ಲಿ ಅವನ ಹೆಸರು, ತಾರೀಖು ಎಂಟು, ಕಲಬುರಗಿಯಿಂದ ಬೆಂಗಳೂರು, ಹೊರಡುವುದು ಹನ್ನೊಂದೂವರೆ, ಎಲ್ಲವೂ ಸರಿಯಾಗಿತ್ತು.

“ಮರಳಿ ಹೆಂಗ ಬಂದ್ರಿ?”

“ರಾತ್ರಿ ರೈಲಿಗಿ ಬಂದೆ. ಗಾಣಗಾಪುರ ರೋಡಿಗಿ ಇಳದು, ದತ್ತನ ದರ್ಶನ ಮಾಡಿಕೊಂಡು ನಿನ್ನಿ ಸಂಜಿಗಿ ಮನೀಗಿ ಬಂದೇನ್ರಿ.”

“ನಿನ್ನಿ ಮುಂಜಾನಿ ಫೋನ್ ಹಚ್ಚಿದ್ರ ಬಂದ್ ಇತ್ತಲ್ಲ?”

“ವಿಮಾನದಾಗ ಬಂದ್ ಮಾಡಬೇಕಂತ ಹೇಳಿದ್ರು. ಆಮ್ಯಾಲ ಚಾರ್ಜ್ ಇರಲಿಲ್ರಿ.”

“ಗುರಣ್ಣ ನಿಮ್ಮ ಹೆಸರು ಯಾಕ ಹೇಳಿದ?”

ಶಂಕರಲಿಂಗ, “ಆತನ ಸ್ವಭಾವ ಮೊದಲಿಂದ ಹಂಗ ಅದ್ರಿ. ಸಿಟ್ಟಿನ ಮನಿಷಾ,” ಎಂದ. ಅದನ್ನೂ ಬರೆದುಕೊಂಡು ಸಹಿ ತೆಗೆದುಕೊಂಡರು. ಹೋಗುವ ಮೊದಲು ಅವನು ದೊಡ್ಡಪ್ಪನಿಗೆ, ಮೇಲಿನಿಂದ ನೋಡಿದರೆ ಭೀಮಾ ನದಿ ಹೇಗೆ ಕಾಣುತ್ತದೆ ಎಂದು ವಿವರಿಸಿದ. ದೊಡ್ಡಪ್ಪ ಬಾಯಿ ತೆರೆದು ಕೇಳಿದ.

ಇಲ್ಲಿಂದ ಮುಂದಿನ ಹತ್ತು ದಿನ ಭುವನೇಶ್ವರಿಯ ಪಾಲಿಗೆ ಬಂದ ಪೀಡೆಯ ಹೆಸರು ದೂರ ಮತ್ತು ಸಮಯ. ಗುರಣ್ಣನ ಹೇಳಿಕೆಯನ್ನು ಓದಿದ ಡಿವೈಎಸ್‌ಪಿ ಸಾಹೇಬರು, ನಾಳೆ ಕೋರ್ಟಿನಲ್ಲಿ ವಕೀಲ ಕೇಳುತ್ತಾನೆ, ಶಂಕರಲಿಂಗ ಸಂಜೆಯ ಹೊತ್ತಿಗೆ ಹೊಲದಲ್ಲಿರುವುದು ಅಸಾಧ್ಯ ಎಂಬುದನ್ನು ಲೆಕ್ಕ ಸಮೇತ ಬರೆಯಿರಿ ಎಂದರು. ದೊಡ್ಡಪ್ಪನಿಗೆ ಲೆಕ್ಕವೆಂದರೆ ಹಬ್ಬ.

“ಹನ್ನೊಂದೂವರಿಗಿ ಬಿಡ್ತದ. ಒಂದು ತಾಸು ಹಿಡೀರಿ. ಹನ್ನೆರಡೂವರಿಗಿ ಬೆಂಗಳೂರು. ಇಳದ ಕೂಡಲೇ ಬಸ್ ಹತ್ತಿದ್ರೂ ನಡುರಾತ್ರಿ ಆಗ್ತದ ಇಲ್ಲಿ ಮುಟ್ಟಾಕ. ಬೆಂಕಿ ಬಿದ್ದದ್ದು ಆರೂವರಿಗಿ. ಮುಗೀತಲ್ರಿ?”

ಮುಗಿಯಲಿಲ್ಲ. ಸಾಹೇಬರು ವಾಟ್ಸ್ಆ್ಯಪಿನಲ್ಲಿ ಒಂದು ಚಿತ್ರ ಕಳಿಸಿದರು. ಯಾವುದೋ ವೆಬ್‌ಸೈಟು, ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ನಡುವಿನ ದೂರವನ್ನೂ ಹಾರುವ ಸಮಯವನ್ನೂ ಹೇಳುತ್ತದೆ. ಅದರ ಪ್ರಕಾರ ನಾನೂರ ಅರವತ್ತು ಚಿಲ್ಲರೆ ಕಿಲೋಮೀಟರು, ಒಂದು ತಾಸು ಆರು ನಿಮಿಷ. ದೊಡ್ಡಪ್ಪ ತೆಗೆದ ಇನ್ನೊಂದರಲ್ಲಿ ಐವತ್ತು ನಿಮಿಷ. ಟಿಕೇಟಿನಲ್ಲಿ ಒಂದು ತಾಸು ಇಪ್ಪತ್ತು ನಿಮಿಷ. ಈ ಮೂರೂ ಯಾಕೆ ಬೇರೆ ಬೇರೆ ಎಂದು ಕೇಸ್ ಡೈರಿಯಲ್ಲಿ ಟಿಪ್ಪಣಿ ಬರೆಯಿರಿ ಎಂದು ಸಾಹೇಬರು ಮತ್ತೆ ಫೋನ್ ಮಾಡಿದರು.

“ಸರ್, ಯಾವುದರ ಹಿಡೀರಿ, ಆತ ಆರೂವರಿಗಿ ಇಲ್ಲಿ ಇರಾಕ ಬರಂಗಿಲ್ಲ. ಹತ್ತು ನಿಮಿಷ ಹೆಚ್ಚು ಕಮ್ಮಿ ಆದ್ರ ಏನಾಗ್ತದ್ರಿ?”

“ವಕೀಲ ಕೇಳ್ತಾನಮ್ಮ.”

ಕೊಲೆ ಕೇಸಿನ ಕಡತವೊಂದು ಮೇಜಿನ ಮೇಲೆ ಕಾಯುತ್ತಿತ್ತು. ಅದನ್ನು ಬದಿಗಿಟ್ಟು ಭುವನೇಶ್ವರಿ ಅರ್ಧ ದಿನ ವಿಮಾನದ ವೇಗದ ಬಗ್ಗೆ ಬರೆದರು. ಬರೆಯುವಾಗ ದೊಡ್ಡಪ್ಪ ಮತ್ತೆ ಬಂದ, ಮುಖದಲ್ಲಿ ಏನೋ ಸಂತೋಷ.

“ಮೇಡಂ, ಇದರಾಗ ನಮ್ಮ ಜೇವರ್ಗಿನೂ ಅದ ನೋಡ್ರಿ. ಕಲಬುರಗಿಯಿಂದ ಜೇವರ್ಗಿಗಿ ವಿಮಾನದಾಗ ಮೂವತ್ತೆರಡು ನಿಮಿಷ.”

“ಜೇವರ್ಗ್ಯಾಗ ವಿಮಾನ ಎಲ್ಲಿ ಇಳೀತದ? ನಿಮ್ಮ ಮನಿ ಮಾಳಿಗಿ ಮ್ಯಾಲೇನು?”

“ಅದು ಬರದಿಲ್ರಿ. ಸಮಯ ಅಷ್ಟ ಬರದಾರ.”

ಭುವನೇಶ್ವರಿ ಪೆನ್ನು ಕೆಳಗಿಟ್ಟು ಹಣೆ ಒತ್ತಿಕೊಂಡರು. ತಮ್ಮ ಊರು ಯಡ್ರಾಮಿಗೆ ಎಷ್ಟು ನಿಮಿಷ ಎಂದು ಅವನು ಹುಡುಕುವ ಮೊದಲು ಅವನನ್ನು ಬಂದೋಬಸ್ತಿಗೆ ಕಳಿಸಿದರು.

ವಿಮಾನ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ ಯಂತ್ರ ಮಾತಾಡುತ್ತಿತ್ತು. ಒಂದು ಒತ್ತಿ, ಎರಡು ಒತ್ತಿ, ಕಾಯಿರಿ, ನಿಮ್ಮ ಕರೆ ನಮಗೆ ಮುಖ್ಯ. ಕೊನೆಗೆ ಸಿಕ್ಕ ಹುಡುಗಿ ಪ್ರಯಾಣಿಕರ ಮಾಹಿತಿಗೆ ಇಮೇಲ್ ಮಾಡಿ ಎಂದಳು. ಮಾಡಿದರು. ನಿಮ್ಮ ಇಮೇಲ್ ತಲುಪಿದೆ ಎಂದು ಯಂತ್ರವೇ ಉತ್ತರ ಕೊಟ್ಟಿತು, ಮುಂದೆ ಮನುಷ್ಯರು ಯಾರೂ ಉತ್ತರ ಕೊಡಲಿಲ್ಲ. ಬೀಜದ ಕಂಪನಿಯ ಏಜೆಂಟನನ್ನು ಕೇಳಿದರೆ, ಟಿಕೇಟ್ ಕಳಿಸುವುದಷ್ಟೇ ತನ್ನ ಕೆಲಸ, ಸಭೆಗೆ ಬಂದವರನ್ನು ಬೆಂಗಳೂರಿನವರು ನೋಡಿಕೊಳ್ಳುತ್ತಾರೆ ಎಂದ. ಫೋನಿನ ಟವರ್ ವಿವರ ಬಂತು. ಎಂಟನೆಯ ತಾರೀಖು ಬೆಳಿಗ್ಗೆ ವಿಮಾನ ನಿಲ್ದಾಣದ ಹತ್ತಿರ ಬಂದ್ ಆದದ್ದು, ಮರುದಿನ ಮಧ್ಯಾಹ್ನ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಚಾಲೂ ಆಗಿತ್ತು. ಅವನು ಹೇಳಿದ್ದಕ್ಕೂ ಅದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇರಲಿಲ್ಲ.

ಇಷ್ಟೂ ದಿನ ಗುರಣ್ಣನ ಹೆಂಡತಿ ಸಾಬವ್ವ ಠಾಣೆಯ ಕಟ್ಟೆಗೆ ಬಂದು ಕೂರುತ್ತಿದ್ದಳು. ಅಳುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ. ಊರಲ್ಲಿ ಯಾರೂ ಅವಳನ್ನು ಕೂಲಿಗೆ ಕರೆಯುತ್ತಿರಲಿಲ್ಲ, ಹಾಗಾಗಿ ಬರಲು ಬಿಡುವಿತ್ತು.

“ದಿನಾ ಬಂದು ಏನ್ ಮಾಡ್ತೀ ಯವ್ವ?” ಎಂದು ಒಂದು ದಿನ ಭುವನೇಶ್ವರಿ ಕೇಳಿದರು. ದನಿ ತಮಗೇ ಒರಟಾಗಿ ಕೇಳಿಸಿತು.

“ಅಂವಾ ನೋಡೇನಿ ಅಂದ್ರ ನೋಡ್ಯಾನ್ರಿ. ಕಣ್ಣ ಚಲೋ ಅವ ಅವನವು.”

“ವಿಮಾನದಾಗ ಹೋಗ್ಯಾರಲ್ಲ ಆ ಮನಿಷಾ. ಇಪ್ಪತ್ತು ಮಂದಿ ನೋಡ್ಯಾರ.”

“ಆ ಇಪ್ಪತ್ತು ಮಂದೀನ ನೀವು ಕೇಳೀರೇನ್ರಿ?”

ಕೇಳಿರಲಿಲ್ಲ. ಒಂದು ಕ್ರೂಸರಿನ ಡ್ರೈವರನನ್ನು ಕೇಳಿದ್ದರು, ಹೌದು ಹೋದರು ಎಂದಿದ್ದ, ಅಷ್ಟು ಸಾಕೆನಿಸಿತ್ತು. ಈ ಮಾತಿಗೆ ಸಿಟ್ಟು ಬಂತು, ಸಿಟ್ಟು ಬರಲು ಕಾರಣ ಅವಳ ಮಾತು ಸರಿಯಿದ್ದದ್ದು. ಮೇಲಾಗಿ ಆರೋಪಪಟ್ಟಿ ಬೇಗ ಹಾಕಿ ಮುಗಿಸಿ ಎಂದು ಸಾಹೇಬರ ಒತ್ತಡ ಶುರುವಾಗಿತ್ತು. ಅದು ಕೋರ್ಟಿಗೆ ಹೋದ ಮೇಲೆ ಗುರಣ್ಣನ ಮಾತನ್ನು ಕೇಳುವವರು ಯಾರೂ ಉಳಿಯುವುದಿಲ್ಲ. ಜನವರಿ ಇಪ್ಪತ್ತೆರಡರಂದು ಅವರು ದೊಡ್ಡಪ್ಪನನ್ನು ಕರೆದುಕೊಂಡು ನಿಂಬರ್ಗಾಕ್ಕೆ ಹೋದರು.

ಶಂಕರಲಿಂಗ ಮನೆಯಲ್ಲಿ ಇರಲಿಲ್ಲ. ಅವನ ತಾಯಿ ಸಕ್ಕುಬಾಯಿ ಪಡಸಾಲೆಯಲ್ಲಿ ತೊಗರಿ ಕೇರುತ್ತಿದ್ದಳು. ಮಗನ ವಿಮಾನದ ಸುದ್ದಿ ಎಂದ ಕೂಡಲೇ ಮೊರ ಬದಿಗಿಟ್ಟು ಮುಖ ಅರಳಿಸಿದಳು.

“ನೀವು ಒಳಗ ಹೋಗಿದ್ರೇನು?”

“ಒಳಗ ಎಲ್ಲಿ ಬಿಡ್ತಾರ್ರಿ ನಮಗ. ಹುಡುಗ ಒಬ್ಬನೇ ಒಳಗ ಹೋದ. ನಾವೆಲ್ಲ ತಂತಿ ಬೇಲಿ ಕಡಿ ಹೋಗಿ ನಿಂತೇವು. ಬುತ್ತಿ ಅಲ್ಲೇ ಬಿಚ್ಚಿದೇವು.”

“ವಿಮಾನ ಏರಿದ್ದು ಕಂಡೀರಿ?”

“ಕಣ್ಣಾರೆ ಕಂಡೇನ್ರಿ. ಕೈ ಮಾಡೇನಿ. ನಮ್ಮ ಹುಡುಗ ಒಳಗಿಂದ ಕೈ ಮಾಡಿರಬೇಕು, ಅದು ಕಾಣಲಿಲ್ಲ.”

“ಆಮ್ಯಾಲ ಹೋತೇನು?”

“ಹೋತ್ರಿ. ಹೋಗಾಕಿಂತ ಮೊದಲ ನಮ್ಮ ತಲಿ ಮ್ಯಾಲ ಎರಡು ಸುತ್ತು ಹಾಕ್ತು. ಅವ್ವ ನಿಂತಾಳ, ಒಂದು ಸಲ ತೋರಸ್ರಿ ಅಂತ ಡ್ರೈವರಗ ಹೇಳ್ಯಾನ ಅಂವಾ.”

ಬರೆಯುತ್ತಿದ್ದ ದೊಡ್ಡಪ್ಪ ತಲೆಯೆತ್ತಿ ನೋಡಿದ. ಭುವನೇಶ್ವರಿ ಅವನಿಗೆ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದರು.

“ಎಷ್ಟು ದೊಡ್ಡದಿತ್ತು ಯವ್ವ ವಿಮಾನ?”

“ಟಿವ್ಯಾಗ ತೋರಸಿದಂಗ ಇರಲಿಲ್ರಿ. ನಾವು ಹೋಗಿದ್ದ ಕ್ರೂಸರಿನಷ್ಟ ಇತ್ತು.”

“ರೆಕ್ಕಿ?”

“ಎರಡು ರೆಕ್ಕಿ. ಮೂಗಿನ ಮುಂದ ಒಂದು ಫ್ಯಾನು ತಿರಗತಿತ್ತು.”

“ಒಳಗ ಎಷ್ಟು ಮಂದಿ ಇದ್ರು?”

“ಇಬ್ಬರ. ಒಬ್ಬ ಡ್ರೈವರ, ಒಬ್ಬ ನಮ್ಮ ಹುಡುಗ.” ಸಕ್ಕುಬಾಯಿ ಸೆರಗು ಸರಿಮಾಡಿಕೊಂಡಳು. “ಕಂಪನಿಯವರು ಅವನೊಬ್ಬನ ಸಲವಾಗಿ ಕಳಿಸಿದ್ರು ನೋಡ್ರಿ.”

ಕಲಬುರಗಿಯ ಆ ನಿಲ್ದಾಣದಲ್ಲಿ ವಿಮಾನ ನಡೆಸುವುದನ್ನು ಕಲಿಸುತ್ತಾರೆ. ಕಲಿಯುವ ಮಕ್ಕಳು ಇಬ್ಬರೇ ಕೂರುವ ಪುಟ್ಟ ವಿಮಾನದಲ್ಲಿ ಎದ್ದು, ಸುತ್ತು ಹಾಕಿ, ಮತ್ತೆ ಅಲ್ಲೇ ಇಳಿಯುತ್ತಾರೆ. ಯಾರೋ ಕಲಿಯುವ ಹುಡುಗ ಸುತ್ತು ಹಾಕಿದ್ದಕ್ಕೆ ಎರಡು ಕ್ರೂಸರಿನ ಮಂದಿ ಕೈ ಬೀಸಿ, ಕಣ್ಣೊರೆಸಿಕೊಂಡು, ಬುತ್ತಿ ಮುಗಿಸಿ ಊರಿಗೆ ಬಂದಿದ್ದರು. ಆ ಮೇಲೆ ಇಪ್ಪತ್ತು ಜನ ಸಾಕ್ಷಿಗಳಾಗಿದ್ದರು. ಅವರ್‍ಯಾರೂ ಸುಳ್ಳು ಹೇಳಿರಲಿಲ್ಲ.

ಜೀಪು ನೇರ ಕಲಬುರಗಿಗೆ ಹೊರಟಿತು. ದಾರಿಯುದ್ದಕ್ಕೂ ಭುವನೇಶ್ವರಿ ಯಾರನ್ನೋ ಬೈಯುತ್ತಿದ್ದರು. ಯಾರನ್ನೆಂದು ದೊಡ್ಡಪ್ಪ ಕೇಳಲಿಲ್ಲ. ನಿಲ್ದಾಣದ ಕಚೇರಿಯ ಅಧಿಕಾರಿ ಎರಡು ನಿಮಿಷ ಕಂಪ್ಯೂಟರ್ ನೋಡಿದರು.

“ಎಂಟನೇ ತಾರೀಖಾ? ಅವತ್ತು ಬೆಂಗಳೂರಿನಲ್ಲಿ ವಿಪರೀತ ಮಂಜು ಮೇಡಂ. ಅಲ್ಲಿಂದ ವಿಮಾನ ಬರಲೇ ಇಲ್ಲ. ಬಂದರೆ ತಾನೇ ಇಲ್ಲಿಂದ ಹೋಗುವುದು? ಒಂದು ಗಂಟೆಯವರೆಗೆ ಕಾದು ರದ್ದು ಮಾಡಿದರು. ಪ್ರಯಾಣಿಕರೆಲ್ಲ ವಾಪಸ್ ಹೋದರು.”

“ಬೋರ್ಡಿಂಗ್ ಪಾಸ್ ಕೊಟ್ಟಿದ್ರಲ್ಲ?”

“ಪಾಸು ಮೊದಲೇ ಕೊಡ್ತಾರೆ. ವಿಮಾನ ಆಮೇಲೆ.”

ಭುವನೇಶ್ವರಿ ಕುರ್ಚಿಯ ಮೇಲೆ ಕುಳಿತುಬಿಟ್ಟರು. ಒಂದು ತಾಸು ಆರು ನಿಮಿಷವೋ, ಐವತ್ತು ನಿಮಿಷವೋ ಎಂದು ಅರ್ಧ ದಿನ ಬರೆದದ್ದು ನೆನಪಾಯಿತು. ವಿಮಾನ ಎಷ್ಟು ಹೊತ್ತಿನಲ್ಲಿ ಹೋಗುತ್ತದೆಂದು ಸಾಹೇಬರಿಂದ ಹಿಡಿದು ಎಲ್ಲರೂ ಅಳೆದಿದ್ದರು. ಹೋಯಿತೋ ಇಲ್ಲವೋ ಎಂದು ಒಬ್ಬರೂ ಕೇಳಿರಲಿಲ್ಲ, ತಾವೂ ಕೇಳಿರಲಿಲ್ಲ. ಅತ್ತ ಒಬ್ಬ ಮನುಷ್ಯ ಜೈಲಿನಲ್ಲಿ ಕುಳಿತಿದ್ದ.

ಅಂದೇ ಸಂಜೆ ಐದಕ್ಕೆ ಶಂಕರಲಿಂಗನನ್ನು ಠಾಣೆಗೆ ಕರೆಸಿದರು.

“ವಿಮಾನದಾಗ ಕಿಡಕಿ ಕಡಿ ಕುಂತಿದ್ರೇನು?”

“ಹೌದ್ರಿ.”

“ಏನ್ ಕಂಡ್ತು?”

“ಮೋಡ ಕಂಡ್ವು. ಭೀಮಾ ನದಿ…”

“ಎಂಟನೇ ತಾರೀಖ ಆ ವಿಮಾನ ಹಾರಿಲ್ಲ.”

ಅವನು ಕುಳಿತಲ್ಲೇ ಸಣ್ಣವನಾದ. ಆಮೇಲೆ ನೀರು ಕೇಳಿದ, ಕುಡಿದ, ಒಂದೊಂದಾಗಿ ಹೇಳಿದ. ವಿಮಾನ ರದ್ದಾಯಿತೆಂದು ಹೇಳಿದಾಗ ಉಳಿದವರು ಕೌಂಟರಿನಲ್ಲಿ ಜಗಳಕ್ಕೆ ನಿಂತರು, ಇವನು ಹೊರಗೆ ಬಂದು ಬೇಲಿಯ ಹತ್ತಿರ ನೋಡಿದ. ಮನೆಯವರು ಹೋಗಿಬಿಟ್ಟಿದ್ದರು, ಮಾಲೆಯಿಂದ ಉದುರಿದ ಚೆಂಡು ಹೂ ಅಲ್ಲಿ ಬಿದ್ದಿದ್ದವು. ಬಸ್ಸು ಹತ್ತಿ ಊರಿಗಿಂತ ಒಂದು ಸ್ಟಾಪು ಮೊದಲೇ ಇಳಿದ. ಕತ್ತಲಾದ ಮೇಲೆ ಮನೆಗೆ ಹೋಗೋಣವೆಂದು ಸೈದಪ್ಪನ ಬಣವೆಯ ಹಿಂದೆ ಕುಳಿತ. ಕುಳಿತು ಬೀಡಿ ಹಚ್ಚಿದ.

“ಗುರಣ್ಣ ಯಾರ್ರಿ ಅಂತ ಒದರಿದ. ಮಾರಿ ಕಂಡಿತಂತ ತಿಳದು ಬೀಡಿ ಅಲ್ಲೇ ಒಗದು ಎದ್ದೇನ್ರಿ. ಹೊಳ್ಳಿ ನೋಡದ ಹೋದೆ. ಹಳ್ಳದ ತನಕ ಹೋಗಿ ಹಿಂದ ನೋಡಿದ್ರ ಬೆಂಕಿ.”

“ಆರಸಾಕ ಬರಲಿಲ್ಲ?”

“ಬಂದಿದ್ರ ವಿಮಾನ ಏರಿಲ್ಲಂತ ಎಲ್ಲರಿಗೂ ಗೊತ್ತಾಗತಿತ್ರಿ.”

ಆ ರಾತ್ರಿಯೇ ಸಿಕ್ಕ ಗಾಡಿ ಹತ್ತಿ ಗಾಣಗಾಪುರಕ್ಕೆ ಹೋಗಿ, ಭಕ್ತರ ನಡುವೆ ಮಲಗಿ, ಮರುದಿನ ಊರಿಗೆ ಬಂದಿದ್ದ. ಅಷ್ಟರಲ್ಲಿ ಗುರಣ್ಣ ಜೈಲಿಗೆ ಹೋಗಿದ್ದ. ಮನೆಯ ಮುಂದೆ ಮಂದಿ ವಿಮಾನದ ಕತೆ ಕೇಳಲು ಕಾಯುತ್ತಿದ್ದರು.

“ಮತ್ತ ಅವನ ಮ್ಯಾಲ ಸಹಿ ಯಾಕ ಮಾಡಿದಿ?” ಭುವನೇಶ್ವರಿ ಅಷ್ಟು ದಿನ ಇಟ್ಟುಕೊಂಡಿದ್ದ ಮರ್ಯಾದೆಯ ಮಾತನ್ನು ಬಿಟ್ಟರು. “ಸಿಟ್ಟಿನ ಮನಿಷಾ ಅಂತ ಹೇಳಿದಿಯಲ್ಲ.”

ಬಂಧನದ ಕಾಗದಗಳಾದವು. ಅಜಾಗರೂಕತೆಯಿಂದ ಬೆಂಕಿ, ಸುಳ್ಳು ಮಾಹಿತಿ ಕೊಟ್ಟು ನಿರಪರಾಧಿಯನ್ನು ಸಿಕ್ಕಿಸಿದ್ದು, ಎರಡೂ ಬರೆಯಲಾಯಿತು. ಹೇಳಿಕೆಯನ್ನು ದೊಡ್ಡಪ್ಪ ಓದಿ ಹೇಳುವಾಗ ಶಂಕರಲಿಂಗ ಕೈ ಎತ್ತಿ ತಡೆದ.

“ಮೇಡಂ, ಒಂದು ಮಾತು. ಬೇಕಂತಲೇ ಬೆಂಕಿ ಹಚ್ಚೇನಿ ಅಂತ ಬರೀರಿ. ಸಹಿ ಮಾಡ್ತೇನಿ. ಬೆಂಗಳೂರಿಂದ ಹೆಂಗೋ ಬಂದೆ ಅಂತ ಬರಕೊಳ್ರಿ. ವಿಮಾನ ಏರಿಲ್ಲ ಅನ್ನೋದು ಬ್ಯಾಡ್ರಿ.”

“ಬೇಕಂತ ಹಚ್ಚಿದ್ರ ಏಳು ವರ್ಷ ಆಗ್ತದ, ಗೊತ್ತದ ಏನು?”

“ಆಗಲಿ ಬಿಡ್ರಿ.”

ಅವನಿಗೆ ಸೈದಪ್ಪನ ಮೇಲೆ ದ್ವೇಷ ಇರಲಿಲ್ಲ, ಗುರಣ್ಣನ ಮೇಲೂ ಇರಲಿಲ್ಲ. ಮಾಲೆ ಹಾಕಿಸಿಕೊಂಡು ಹೋದವನು ಮಧ್ಯಾಹ್ನಕ್ಕೇ ಬಸ್ಸಿನಲ್ಲಿ ಮರಳಿದನೆಂದು ನಾಲ್ಕು ಮಂದಿ ನಗುತ್ತಾರೆ ಎಂಬ ಅಂಜಿಕೆ, ಅಷ್ಟೇ ಇದ್ದದ್ದು. ಅಷ್ಟಕ್ಕೇ ಇನ್ನೊಬ್ಬನ ಬದುಕನ್ನು ಅಡ್ಡ ಇಟ್ಟಿದ್ದ. ಭುವನೇಶ್ವರಿ ಹೇಳಿಕೆಯ ಒಂದಕ್ಷರವನ್ನೂ ಬದಲಿಸಲಿಲ್ಲ. ಸಹಿ ಮಾಡುವಾಗ ಅವನು ಅತ್ತ.

ಪುರಾವೆ ಇಲ್ಲವೆಂದು ಕೋರ್ಟಿಗೆ ವರದಿ ಹೋಗಿ, ಜನವರಿ ಇಪ್ಪತ್ತನಾಲ್ಕರಂದು ಗುರಣ್ಣ ಬಿಡುಗಡೆಯಾದ. ಕರೆದುಕೊಂಡು ಹೋಗಲು ಸಾಬವ್ವ ಬಂದಿದ್ದಳು. ಇಬ್ಬರೂ ಇಜೇರಿಗೆ ಹೋಗುವವರಿದ್ದರು. ನಿಂಬರ್ಗಾಕ್ಕೆ ಮರಳುವ ಮಾತನ್ನು ಅವರು ಆಡಲಿಲ್ಲ. ಭುವನೇಶ್ವರಿ ಜೈಲಿನ ಬಾಗಿಲಿಗೇ ಹೋಗಿ ಅವನಿಗೆ ನಡೆದದ್ದನ್ನೆಲ್ಲ ಹೇಳಿದರು. ಹೇಳುವುದು ತಮ್ಮ ಕರ್ತವ್ಯವೇನೂ ಅಲ್ಲ, ಆದರೂ ಹೇಳದೆ ಹೋಗಲು ಮನಸ್ಸಾಗಲಿಲ್ಲ.

ಗುರಣ್ಣ ಪೂರ್ತಿ ಕೇಳಿದ.

“ವಿಮಾನ ಬರಲಿಲ್ಲಂದ್ರ ಅದು ಸಾವ್ಕಾರ್ರ ತಪ್ಪೇನ್ರಿ? ಮನೀಗಿ ಬಂದು ಉಂಡು ಮಲಗಬಹುದಿತ್ತಲ್ರಿ.”

“ಊರ ಮಂದಿ ನಗ್ತಾರಂತ ಅಂಜ್ಯಾನ.”

ಬಸ್ಸಿಗೆ ಹೊತ್ತಾಯಿತೆಂದು ಸಾಬವ್ವ ಗಂಡನ ಕೈಯಿಂದ ಚೀಲ ತೆಗೆದುಕೊಂಡು ಮುಂದೆ ನಡೆದಳು. ಗುರಣ್ಣ ನಾಲ್ಕು ಹೆಜ್ಜೆ ಹೋದವನು ನಿಂತು ತಿರುಗಿದ.

“ನಗತಿದ್ರು ಖರೆ ಮೇಡಂ. ಎಷ್ಟು ದಿನ ನಗತಿದ್ರು? ನಾ ಒಳಗಿದ್ದಷ್ಟು ದಿನಾನೂ ನಗತಿರಲಿಲ್ರಿ.”